ಕೇಳದೆ ಬಂದ ಮೆಸೇಜು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಮೊಬೈಲಿಗೆ ಬರುವ ಜಾಹೀರಾತು ಮೆಸೇಜು. ಈ ಅಂಕಣಕ್ಕೆ ಬರುವ ಮುಂಚೆ ನಾನು ಅಂಥ ಮೆಸೇಜುಗಳನ್ನು ಬರೆದುಕೊಡುವ ಕೆಲಸದಲ್ಲಿದ್ದೆ ಎಂದು ಹಿಂದೊಮ್ಮೆ ಹೇಳಿದ್ದನ್ನು ಯಾರೋ ಮರೆತಿಲ್ಲ. ಕೆಲವರು ಪ್ರಶ್ನೆ ಕೇಳಿದ್ದಾರೆ, ಕೆಲವರು ಬರೀ ಬೈದಿದ್ದಾರೆ. ಬೈಗುಳವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಬಂದರೆ ಮಗುಚಿ ಮುಂದೆ ಹೋಗುತ್ತೇನೆ. ಟಿವಿಯಲ್ಲಿ ಬಂದರೆ ಎದ್ದು ನೀರು ಕುಡಿದು ಬರುತ್ತೇನೆ. ಆದರೆ ಎರಡು ಸಾಲಿನ ಮೆಸೇಜಿಗೆ ಮೈ ಉರಿಯುತ್ತದೆ. ವಯಸ್ಸಾಗಿ ಸಿಡುಕು ಹೆಚ್ಚಾಯಿತೇ, ಮೇಡಂ?
— ನಿವೃತ್ತ ಶಿಕ್ಷಕರು

ವಯಸ್ಸಿನ ಮೇಲೆ ಹಾಕಬೇಡಿ ಮೇಷ್ಟ್ರೇ. ಇಪ್ಪತ್ತರ ಹುಡುಗರೂ ಇದನ್ನೇ ಬರೆದಿದ್ದಾರೆ, ನಿಮ್ಮಷ್ಟು ಸಭ್ಯವಾಗಿ ಬರೆದಿಲ್ಲ ಅಷ್ಟೆ.

ಪತ್ರಿಕೆಯನ್ನು ನೀವು ಕೈಗೆತ್ತಿಕೊಳ್ಳುತ್ತೀರಿ. ಮೆಸೇಜು ತಾನೇ ಬಂದು ನಿಮ್ಮನ್ನು ಎಬ್ಬಿಸುತ್ತದೆ, ಅದೂ ನಿಮ್ಮ ಮಗಳ ಮೆಸೇಜು ಬಂದಾಗ ಆಗುವ ಅದೇ ಸದ್ದಿನಲ್ಲಿ. ಮಗಳು ಊರು ತಲುಪಿದಳೋ ಇಲ್ಲವೋ ಎಂದು ಕಾಯುತ್ತಿದ್ದೀರಿ, ಫೋನು ಟಣ್ ಅನ್ನುತ್ತದೆ, ಕನ್ನಡಕ ಹುಡುಕಿ ತೆರೆದರೆ "ನಾಳೆಯೇ ಕೊನೆಯ ದಿನ, ಅರ್ಧ ಬೆಲೆ!" ಬೇರೆ ಹೊತ್ತಿನಲ್ಲಿ ಅದೇ ಅರ್ಧ ಬೆಲೆಯ ಸುದ್ದಿ ಪತ್ರಿಕೆಯಲ್ಲಿ ಕಂಡಿದ್ದರೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಿರೋ ಏನೋ. ಆ ಸದ್ದನ್ನು ನೀವು ನಿಮ್ಮವರಿಗೆಂದು ಮೀಸಲಿಟ್ಟಿದ್ದಿರಿ, ಅದನ್ನು ಬೇರೆ ಯಾರೋ ಬಳಸಿಕೊಂಡರು. ಸಿಟ್ಟು ಅಲ್ಲಿಂದ ಬಂದದ್ದು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಬ್ರೆಹ್ಮ್ 1966ರಲ್ಲಿ ಮಂಡಿಸಿದ ಸಿದ್ಧಾಂತವೊಂದಿದೆ. ಆಯ್ಕೆ ತನ್ನ ಕೈಯಲ್ಲಿದೆ ಎಂದುಕೊಂಡವರಿಂದ ಅದನ್ನು ಕಿತ್ತುಕೊಳ್ಳುವ ಸುಳಿವು ಸಿಕ್ಕರೂ ಸಾಕು, ಅವರು ಬೇಕೆಂದೇ ತಿರುಗಿ ಬೀಳುತ್ತಾರೆ. ಬೇಕಾದ ವಸ್ತುವನ್ನೂ ಬೇಡ ಅನ್ನುತ್ತಾರೆ. ಓದುವುದೋ ಬೇಡವೋ ಎಂದು ನಿರ್ಧರಿಸುವ ಮುಂಚೆಯೇ ಓದಿಸಿಬಿಡುವ ಜಾಹೀರಾತು ಇದೊಂದೇ. ಎರಡೇ ಸಾಲಲ್ಲವೇ, ಕಣ್ಣಿಗೆ ಬಿದ್ದಾಗಲೇ ಓದಿ ಮುಗಿದಿರುತ್ತದೆ!

ತೈವಾನಿನ ಮೂವರು ಸಂಶೋಧಕರು, ಸಾಂಗ್, ಹೋ ಮತ್ತು ಲಿಯಾಂಗ್, 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಕ್ಷೇತ್ರದವರು ಈಗಲೂ ಉಲ್ಲೇಖಿಸುತ್ತಾರೆ. ಮೊಬೈಲ್ ಜಾಹೀರಾತಿನ ಬಗ್ಗೆ ಜನರ ಧೋರಣೆ ಒಟ್ಟಾರೆ ಪ್ರತಿಕೂಲವೇ. ಆದರೆ ತಾವಾಗಿ ಒಪ್ಪಿಗೆ ಕೊಟ್ಟಿದ್ದರೆ ಬದಲಾಗುತ್ತದೆ ಎಂದು ಅವರು ಕಂಡುಕೊಂಡರು. ಆ ಧೋರಣೆಯನ್ನು ಹೆಚ್ಚು ಪ್ರಭಾವಿಸಿದ್ದು ಮೆಸೇಜು ಖುಷಿ ಕೊಡುತ್ತದೆಯೇ ಎಂಬುದು, ಅದರ ನಂತರ ನಂಬಿಕೆ ಮತ್ತು ಕಿರಿಕಿರಿ. ಆಗ ನಾವು "ಆಫರ್ ದೊಡ್ಡದಾಗಿರಲಿ, ಆಶ್ಚರ್ಯಚಿಹ್ನೆ ಮೂರಿರಲಿ" ಎಂದು ಟೆಂಪ್ಲೇಟ್, ಅಂದರೆ ಮೆಸೇಜಿನ ಅಚ್ಚು, ಬರೆಯುತ್ತಿದ್ದೆವು. ಖುಷಿಯ ಮಾತು ಯಾವ ಮೀಟಿಂಗಿನಲ್ಲೂ ಬಂದ ನೆನಪಿಲ್ಲ.

ಪ್ರಶ್ನೆ: ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ. ಆದರೂ ಪ್ರತಿ ಮೆಸೇಜಿನ ಹಿಂದಿನವರೂ "ನೀವೇ ಒಪ್ಪಿದ್ದೀರಿ" ಅನ್ನುತ್ತಾರೆ. ಯಾವಾಗ ಒಪ್ಪಿದೆ?
— ಕಾಲೇಜು ವಿದ್ಯಾರ್ಥಿ

ಬಿಲ್ಲು ಮಾಡಿಸುವಾಗ "ನಂಬರ್ ಹೇಳಿ ಸಾರ್" ಅಂದರಲ್ಲ, ಆಗ. ಆ್ಯಪ್ ಹಾಕಿಕೊಳ್ಳುವಾಗ ಮೊದಲೇ ಟಿಕ್ ಬಿದ್ದಿದ್ದ ಚೌಕವನ್ನು ನೋಡದೆ ಮುಂದೆ ಹೋದಿರಲ್ಲ, ಆಗ. ಬಹುಮಾನದ ಚೀಟಿ ತುಂಬಿದಾಗ. ಕೊಟ್ಟಿದ್ದು ನಂಬರು, ಅವರು ಬರೆದುಕೊಂಡದ್ದು ಒಪ್ಪಿಗೆ.

ಈ ಚಾಳಿಗೆ ಕಾನೂನು ಅಲ್ಲಲ್ಲಿ ಕಡಿವಾಣ ಹಾಕಿದೆ. ಯುರೋಪಿಯನ್ ಒಕ್ಕೂಟದ 2002ರ ನಿರ್ದೇಶನದ ಪ್ರಕಾರ ಮುಂಚಿತ ಒಪ್ಪಿಗೆಯಿಲ್ಲದೆ ಇಂಥ ಮೆಸೇಜು ಕಳಿಸುವಂತಿಲ್ಲ. ಈಗಾಗಲೇ ಗ್ರಾಹಕರಾದವರಿಗೆ ಅದೇ ಬಗೆಯ ಸರಕಿನ ಬಗ್ಗೆ ತಿಳಿಸಬಹುದು, ಆದರೆ ಪ್ರತಿ ಸಲವೂ ಬೇಡ ಅನ್ನುವ ದಾರಿ ಕೊಡಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ಹೇಳಿತು. ಅದು ಕುಕೀಗಳ, ಅಂದರೆ ವೆಬ್‌ಸೈಟುಗಳು ನಮ್ಮ ಫೋನು, ಕಂಪ್ಯೂಟರಿನಲ್ಲಿ ಇಟ್ಟುಹೋಗುವ ಗುರುತುಕಡತಗಳ ಬಗೆಗಿನ ಮೊಕದ್ದಮೆ, ಅದೂ ಒಂದು ಆನ್‌ಲೈನ್ ಲಾಟರಿಯದು. ಅಮೆರಿಕದ ಕಾಯಿದೆ 1991ರದ್ದು, ಅಂದರೆ ಲೋಕದ ಮೊದಲ ಎಸ್ಸೆಮ್ಮೆಸ್ಸಿಗಿಂತ ಹಳೆಯದು. ಯಂತ್ರದಿಂದ ಮಾಡುವ ಕರೆಗಳ ವಿರುದ್ಧ ಬರೆದದ್ದನ್ನು ಆಮೇಲೆ ಮೆಸೇಜಿಗೂ ಅನ್ವಯಿಸಿದರು. ಭಾರತದಲ್ಲಿ 2018ರ ನಿಯಮ ಬಂದ ಮೇಲೆ ಕಳಿಸುವವರು ತಮ್ಮ ಹೆಡರ್ (ಮೆಸೇಜಿನ ಮೇಲೆ ಕಾಣುವ ಕಳಿಸಿದವರ ಹೆಸರು), ಟೆಂಪ್ಲೇಟ್ ಎರಡನ್ನೂ ನೋಂದಾಯಿಸಬೇಕು.

ನಿಯಮಗಳಿವೆ, ಮೆಸೇಜುಗಳೂ ಇವೆ. ನೀವು ಮಾಡಬಹುದಾದದ್ದು ಇಷ್ಟು: ನಂಬರ್ ಕೇಳಿದಾಗ "ಯಾತಕ್ಕೆ?" ಎಂದು ಕೇಳಿ. ಬಹಳ ಕಡೆ ಕೇಳಿದವರಿಗೇ ಉತ್ತರ ಗೊತ್ತಿರುವುದಿಲ್ಲ, ಸುಮ್ಮನೆ ಬಿಲ್ಲು ಕೊಡುತ್ತಾರೆ.

ಪ್ರಶ್ನೆ: ಸಣ್ಣ ವ್ಯಾಪಾರ ನನ್ನದು. ಗಿರಾಕಿಗಳ ನಂಬರು ಬೇಕಾದಷ್ಟಿವೆ. ಒಂದೇ ಮೆಸೇಜನ್ನು ಒಟ್ಟಿಗೆ ಎಲ್ಲರಿಗೂ ಕಳಿಸುವ ಬಲ್ಕ್ ಎಸ್ಸೆಮ್ಮೆಸ್ ಮಾರುವ ಹುಡುಗ ಬಂದು "ಒಂದು ಬ್ಲಾಸ್ಟ್ ಹೊಡೀರಿ ಸಾರ್, ನೂರಕ್ಕೆ ತೊಂಬತ್ತೆಂಟು ಜನ ಓದ್ತಾರೆ" ಅನ್ನುತ್ತಾನೆ. ಹೊಡೆಯಲೇ?
— ವ್ಯಾಪಾರಿ

ಸಾರ್, ಆ ತೊಂಬತ್ತೆಂಟನ್ನು ಯಾರು ಎಣಿಸಿದರು ಎಂದು ಮೊದಲು ಆ ಹುಡುಗನನ್ನು ಕೇಳಿ. ಸಾದಾ ಎಸ್ಸೆಮ್ಮೆಸ್ಸಿನಲ್ಲಿ ಓದಿದ್ದನ್ನು ಕಳಿಸಿದವರಿಗೆ ತಿಳಿಸುವ ಏರ್ಪಾಡೇ ಇಲ್ಲ. ಬರುವುದು ಡೆಲಿವರಿ ರಿಪೋರ್ಟ್: ಮೆಸೇಜು ಫೋನು ತಲುಪಿತು ಅಥವಾ ತಲುಪಲಿಲ್ಲ. ತಲುಪಿದ್ದು ಜೇಬಿನಲ್ಲಿದ್ದ ಫೋನಿಗೋ, ಬೀರುವಿನಲ್ಲಿದ್ದ ಫೋನಿಗೋ, ಓದಿದವರು ನಕ್ಕರೋ, ನಿಮ್ಮ ಅಂಗಡಿಯ ಹೆಸರು ಹಿಡಿದು ಶಪಿಸಿದರೋ, ಯಾವುದೂ ಅದರಲ್ಲಿ ಬರುವುದಿಲ್ಲ.

ಈ ವ್ಯವಹಾರದ ದೊಡ್ಡ ಕುರುಡು ಇದೇ. ಪ್ರತಿ ಕ್ಯಾಂಪೇನ್ ಮುಗಿದ ಮರುದಿನ ನಮ್ಮ ಮೇಜಿಗೆ ಒಂದು ಹಾಳೆ ಬರುತ್ತಿತ್ತು. ಎಷ್ಟು ಹೋಯಿತು, ಎಷ್ಟು ತಲುಪಿತು, ಎಷ್ಟು ಜನ ಲಿಂಕ್ ಒತ್ತಿದರು, ಎಷ್ಟು ಜನ ಬೇಡ ಅಂದರು. ಬೇಡ ಅಂದವರ ಸಂಖ್ಯೆ ಯಾವಾಗಲೂ ಚಿಕ್ಕದು. ಅದನ್ನು ನೋಡಿ ಮ್ಯಾನೇಜರು "ಜನಕ್ಕೆ ತೊಂದರೆ ಏನಿಲ್ಲ" ಅನ್ನುತ್ತಿದ್ದರು. ನಮ್ಮ ಎದುರು ಮೇಜಿನಲ್ಲಿ ದೂರು ತೆಗೆದುಕೊಳ್ಳುವ ಹುಡುಗಿ ಕೂರುತ್ತಿದ್ದಳು. ಅವಳು ಇಡೀ ದಿನ ಕೇಳಿಸಿಕೊಂಡದ್ದಕ್ಕೆ ಆ ಹಾಳೆಯಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಬೇಡ ಅನ್ನುವುದಕ್ಕೂ ಶ್ರಮ ಬೇಕು ಸಾರ್. ಹೆಚ್ಚಿನವರು ಆ ಶ್ರಮ ತೆಗೆದುಕೊಳ್ಳುವುದಿಲ್ಲ. ಸುಮ್ಮನೆ ಅಳಿಸುತ್ತಾರೆ, ಇಲ್ಲವೇ ಮ್ಯೂಟ್ ಮಾಡುತ್ತಾರೆ, ನಿಮ್ಮ ಹೆಸರನ್ನು ಕಿರಿಕಿರಿಯ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತಾರೆ. ಆ ನಷ್ಟ ಯಾವ ಖಾತೆಯಲ್ಲೂ ಬರುವುದಿಲ್ಲವಾದ್ದರಿಂದ ಮುಂದಿನ ವಾರ ಮತ್ತೊಂದು ಬ್ಲಾಸ್ಟ್ ಹೋಗುತ್ತದೆ.

ಜಾಹೀರಾತಿಗೆ ಗ್ರಾಹಕರು ಹೇಗೆ ಬೆಲೆ ಕಟ್ಟುತ್ತಾರೆ ಎಂದು ರಾಬರ್ಟ್ ಡುಕಾಫ್ ಎಂಬುವರು 1990ರ ದಶಕದಲ್ಲಿ ಮಾಡಿದ ಅಧ್ಯಯನಗಳಲ್ಲಿ ಮೂರು ಅಂಶ ಬರುತ್ತವೆ: ಮಾಹಿತಿ, ಮನರಂಜನೆ, ಕಿರಿಕಿರಿ. ಮೊದಲೆರಡು ಬೆಲೆ ಏರಿಸುತ್ತವೆ, ಮೂರನೆಯದು ಇಳಿಸುತ್ತದೆ. ಮೊಬೈಲ್ ಬಗ್ಗೆ ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಇದೇ ಚೌಕಟ್ಟಿನ ಮೇಲೆ ನಿಂತಿವೆ. ನೀವು ಬರೆದ ಮೆಸೇಜನ್ನು ಇದರಲ್ಲಿ ಇಟ್ಟು ನೋಡಿ. "ಬಂಪರ್ ಆಫರ್! ತ್ವರೆಮಾಡಿ!" ಅಂದರೆ ಮಾಹಿತಿ ಎಲ್ಲಿದೆ? "ನೀವು ರಿಪೇರಿಗೆ ಕೊಟ್ಟಿದ್ದು ಸಿದ್ಧವಾಗಿದೆ, ಸಂಜೆ ಏಳರವರೆಗೆ ಇರುತ್ತೇವೆ" ಎಂಬ ಮೆಸೇಜಿಗೆ ಯಾರೂ ಸಿಡುಕುವುದಿಲ್ಲ. ಅದರ ಕೊನೆಗೆ "ಈ ವಾರ ಹೊಸ ಮಾಲು ಬಂದಿದೆ" ಎಂದು ಒಂದು ಮಾತು ಸೇರಿಸಿದರೂ ನಡೆಯುತ್ತದೆ. ಅತಿಯಾಗಿ ಸೇರಿಸಬೇಡಿ.

ನಾನಾಗಿದ್ದರೆ ಮೊದಲು ನಂಬರುಗಳ ಪಟ್ಟಿಯನ್ನು ಚಿಕ್ಕದು ಮಾಡುತ್ತಿದ್ದೆ. ಅಂಗಡಿಗೆ ಬಂದವರನ್ನೇ ಬಾಯಿಬಿಟ್ಟು ಕೇಳಿ: ತಿಂಗಳಿಗೊಂದು ಮೆಸೇಜು ಕಳಿಸಬಹುದಾ, ಯಾವುದರ ಬಗ್ಗೆ ಕಳಿಸಲಿ? ಹ್ಞೂಂ ಅಂದವರಿಗೆ ಮಾತ್ರ. ಹೇಳಿದ್ದಕ್ಕಿಂತ ಹೆಚ್ಚು ಕಳಿಸಬೇಡಿ. ಬೆಳಗಿನ ಒಂಬತ್ತಕ್ಕೆ ಮುಂಚೆ, ರಾತ್ರಿ ಎಂಟರ ನಂತರ ಬೇಡವೇ ಬೇಡ. ಇನ್ನೊಂದು ವಿಷಯ: ನಿಮ್ಮ ಹೆಸರು ಮೊದಲ ಪದವಾಗಿರಲಿ. ಯಾರಿಂದ ಬಂತು ಎಂದು ಹುಡುಕುವಂತಾದರೆ ಅಷ್ಟರಲ್ಲೇ ಅರ್ಧ ನಂಬಿಕೆ ಹೋಗಿರುತ್ತದೆ. ಬೇರೆಯವರಿಂದ ನಂಬರು ಕೊಳ್ಳುವ ಯೋಚನೆಯಿದ್ದರೆ, ಆ ಹಣವನ್ನು ಅಂಗಡಿಯ ಬೋರ್ಡಿಗೆ ಬಣ್ಣ ಹೊಡೆಸಲು ಬಳಸಿ.

ಪ್ರಶ್ನೆ: ಕನ್ನಡ ಓದುವವರಿಗೆ ಕನ್ನಡದಲ್ಲಿ ಜಾಹೀರಾತು ಕಳಿಸಲು ಇವರಿಗೇನು ಧಾಡಿ? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುತ್ತಾರೆ. ಅದನ್ನು ಓದುವಷ್ಟರಲ್ಲಿ ಆಫರ್ ಮುಗಿದಿರುತ್ತದೆ.
— ಗೃಹಿಣಿ

ಧಾಡಿ ಜಿಪುಣತನದ್ದು ಅಕ್ಕಾ, ಅದಕ್ಕೊಂದು ತಾಂತ್ರಿಕ ನೆಪವೂ ಇದೆ.

ಒಂದು ಎಸ್ಸೆಮ್ಮೆಸ್ಸಿನಲ್ಲಿ 140 ಬೈಟುಗಳಷ್ಟೇ ಜಾಗ; ಬೈಟು ಎಂದರೆ ಎಂಟು ಬಿಟ್, ಬಿಟ್ ಎಂದರೆ ಯಂತ್ರದ ಅತಿ ಚಿಕ್ಕ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಯುತ್ತದೆ. ಈ 160 ಬಂದದ್ದು 1985ರಲ್ಲಿ. ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು ತೋಚಿದ ವಾಕ್ಯಗಳನ್ನು ಹೊಡೆದು ಅಕ್ಷರ ಎಣಿಸಿದರು. ಪೋಸ್ಟ್ ಕಾರ್ಡು, ತಂತಿಯಲ್ಲಿ ಹೋಗುತ್ತಿದ್ದ ಟೆಲೆಕ್ಸ್ ಸಂದೇಶಗಳನ್ನೂ ನೋಡಿ, ಮನುಷ್ಯರು ಹೇಳಬೇಕಾದ್ದಕ್ಕೆ ಇಷ್ಟು ಸಾಕು ಎಂದು ತೀರ್ಮಾನಿಸಿದರು. ಕನ್ನಡದ ಪ್ರತಿ ಸಂಕೇತಕ್ಕೆ ಸಾಮಾನ್ಯವಾಗಿ ಹದಿನಾರು ಬಿಟ್ ಬಳಸುತ್ತಾರೆ, ಹಾಗಾಗಿ 70ಕ್ಕೆ ಜಾಗ ಮುಗಿಯುತ್ತದೆ. ಮೆಸೇಜು ಒಂದಕ್ಕಿಂತ ಹೆಚ್ಚು ತುಂಡಾದರೆ ತುಂಡಿಗೆ 67. ಅದೂ ನಾವು ಎಣಿಸುವ ಅಕ್ಷರವಲ್ಲ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಸ್ತ್ರೀ" ನಮಗೆ ಒಂದಕ್ಷರ, ಯಂತ್ರಕ್ಕೆ ಆರು! ಅರಬ್ಬಿ, ಚೀನೀ, ತಮಿಳು ಬರೆಯುವವರಿಗೂ ಇದೇ 70ರ ಗೋಡೆ. ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ಇಮೋಜಿ ಸೇರಿಸಿದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಬೀಳುತ್ತದೆ. ದುಡ್ಡು ಕೊಡುವುದು ತುಂಡಿನ ಲೆಕ್ಕದಲ್ಲಿ, ಹಾಗಾಗಿ ಕನ್ನಡ ದುಬಾರಿ.

ಆದರೆ ನಾನು ಬರೆಯುತ್ತಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಅರ್ಥವಾಗದ ಅಗ್ಗದ ಮೆಸೇಜಿಗಿಂತ ಅರ್ಥವಾಗುವ ಎರಡು ತುಂಡು ಲಾಭದ್ದು. ಎಪ್ಪತ್ತರಲ್ಲಿ ಹೇಳಲು ಕಲಿತರೆ ಇನ್ನೂ ಒಳ್ಳೆಯದು. "ಬಂಪರ್", "ಧಮಾಕಾ", "ತ್ವರೆಮಾಡಿ" ತೆಗೆದರೆ ಜಾಗ ತಾನಾಗಿ ಸಿಗುತ್ತದೆ.

ಪ್ರಶ್ನೆ: ನನ್ನವಳು ಜಾಹೀರಾತು ಮೆಸೇಜುಗಳನ್ನು ಕಂಡಕಂಡಂತೆ ಬೈಯುತ್ತಾಳೆ. ಆದರೆ ಮೊನ್ನೆ ಕೊಂಡ ಚಪ್ಪಲಿಗೆ ಅಂಥದೇ ಮೆಸೇಜಿನ ಕೂಪನ್ ತೋರಿಸಿದ್ದಾಳೆ. ಇದನ್ನು ಏನೆಂದು ಕರೆಯಬೇಕು?
— ನೊಂದ ಪತಿ

ಜಾಣತನ ಎಂದು ಕರೆಯಿರಿ, ಮನೆಯಲ್ಲಿ ಶಾಂತಿ ಇರುತ್ತದೆ.

ಧೋರಣೆ ಒಂದು, ನಡವಳಿಕೆ ಇನ್ನೊಂದು ಆಗುವುದು ನಿಮ್ಮ ಮನೆಯಲ್ಲಿ ಮಾತ್ರವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1930ರ ದಶಕದಲ್ಲಿ ಚೀನೀ ದಂಪತಿಯೊಬ್ಬರ ಜೊತೆ ದೇಶ ಸುತ್ತಿದರು. ಚೀನೀಯರ ಮೇಲೆ ಅಲ್ಲಿ ಬಹಳ ದ್ವೇಷವಿದ್ದ ಕಾಲ. ಸುಮಾರು ಇನ್ನೂರೈವತ್ತು ವಸತಿಗೃಹ, ಹೋಟೆಲುಗಳಿಗೆ ಹೋದರೂ ಒಳಗೆ ಬಿಡದೆ ಕಳಿಸಿದ್ದು ಒಂದೇ ಕಡೆ. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು "ಚೀನೀಯರನ್ನು ಸೇರಿಸುತ್ತೀರಾ?" ಎಂದು ಕೇಳಿದರೆ, ಉತ್ತರ ಕೊಟ್ಟವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಇಲ್ಲ ಅಂದರು. ಅದನ್ನು 1934ರಲ್ಲಿ ಪ್ರಕಟಿಸಿದರು. ಕಾಗದದ ಮೇಲೆ ಹೇಳುವುದನ್ನು ನಂಬಿ ಜನ ಹೀಗೇ ನಡೆಯುತ್ತಾರೆ ಎಂದು ಲೆಕ್ಕ ಹಾಕಬಾರದು ಎಂಬುದಕ್ಕೆ ಈಗಲೂ ಆ ಉದಾಹರಣೆ ಕೊಡುತ್ತಾರೆ.

ಆದರೆ ನಿಮ್ಮ ಪತ್ನಿಯ ವಿಷಯದಲ್ಲಿ ನನಗೆ ವಿರೋಧವೇ ಕಾಣುವುದಿಲ್ಲ. ಚಪ್ಪಲಿ ಬೇಕಿತ್ತು, ಕೂಪನ್ ಕೈಯಲ್ಲಿತ್ತು. ಆ ಒಂದು ಮೆಸೇಜಿನ ಜೊತೆ ಬಂದ ಉಳಿದ ರಾಶಿಗೆ ಬೈಯುವ ಹಕ್ಕನ್ನು ಅವರೇನೂ ಅಂಗಡಿಯಲ್ಲಿ ಬಿಟ್ಟು ಬಂದಿಲ್ಲ. ಮಾರಾಟಗಾರರು ಮಾತ್ರ ಇದನ್ನು ನೋಡಿ "ಬೈದರೂ ಕೊಳ್ಳುತ್ತಾರೆ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಕೂಪನ್ ಲೆಕ್ಕಕ್ಕೆ ಸಿಗುತ್ತದೆ, ಬೈಗುಳ ಸಿಗುವುದಿಲ್ಲವಲ್ಲ.

ಪ್ರಶ್ನೆ: ನನ್ನ ಫೋನು, ನನ್ನ ಸಮಯ. ಜಾಹೀರಾತು ಓದಲು ಅವರೇ ಏನಾದರೂ ಕೊಡಲಿ. ಇದು ಅತಿಯಾಸೆಯೇ?
— ಕೆಲಸ ಹುಡುಕುತ್ತಿರುವ ಯುವಕ

ಅಲ್ಲ ತಮ್ಮಾ, ಪ್ರಯೋಗವೇ ಆಗಿದೆ. ಬ್ರಿಟನ್ನಿನಲ್ಲಿ 2007ರ ಸೆಪ್ಟೆಂಬರಿನಲ್ಲಿ ಬ್ಲಿಕ್ ಎಂಬ ಮೊಬೈಲ್ ಸೇವೆ ಶುರುವಾಯಿತು. ನೋಕಿಯಾದ ಅಧ್ಯಕ್ಷರಾಗಿದ್ದ ಪೆಕ್ಕಾ ಅಲಾ-ಪಿಯೆಟಿಲಾ ಅದರ ಸ್ಥಾಪಕರಲ್ಲಿ ಒಬ್ಬರು. 16ರಿಂದ 24 ವಯಸ್ಸಿನವರಿಗೆ ಮಾತ್ರ. ತಿಂಗಳಿಗೆ 217 ಮೆಸೇಜು, 43 ನಿಮಿಷ ಮಾತು ಉಚಿತ; ಬದಲಿಗೆ ದಿನಕ್ಕೆ ಆರರವರೆಗೆ ಜಾಹೀರಾತು. ತಮ್ಮ ಇಷ್ಟಾನಿಷ್ಟಗಳನ್ನು ಮೊದಲೇ ತಿಳಿಸಿರಬೇಕು. ಎರಡು ಲಕ್ಷ ಹುಡುಗರು ಖುಷಿಯಿಂದ ಸೇರಿದರು. ಆದರೂ 2009ರಲ್ಲಿ ಅಲ್ಲಿ ಅದು ನಿಂತುಹೋಯಿತು.

ನನಗೆ ಆ ಕತೆಯಲ್ಲಿ ಇಷ್ಟವಾಗುವುದು ಕೊಡು-ಕೊಳ್ಳು ಎರಡೂ ಬಯಲಲ್ಲಿ ಇದ್ದದ್ದು. ಆರು ಎಂದರೆ ಆರು. ಬೇಡವಾದರೆ ಬಿಟ್ಟು ಹೋಗಬಹುದು. ಈಗ ನಮ್ಮ ಗಮನವನ್ನು ಅದಕ್ಕಿಂತ ಎಷ್ಟೋ ಕಡಿಮೆಗೆ, ಹೇಳದೆ ಕೇಳದೆ ತೆಗೆದುಕೊಳ್ಳುತ್ತಿದ್ದಾರೆ.

ಪ್ರಶ್ನೆ: ಬ್ಯಾಂಕಿನ ಹೆಸರಲ್ಲಿ ಬಂದ ಮೆಸೇಜು ನಿಜವೋ ಸುಳ್ಳೋ ತಿಳಿಯದೆ, ಈಗ ಎಲ್ಲವನ್ನೂ ಸುಳ್ಳೆಂದೇ ಅಂದುಕೊಳ್ಳುತ್ತೇನೆ. ಸರಿಯೇ?
— ಸರ್ಕಾರಿ ನೌಕರೆ

ಸರಿ. ಅದರ ದಂಡ ಪ್ರಾಮಾಣಿಕ ಜಾಹೀರಾತುದಾರರ ತಲೆಗೂ ಬೀಳುತ್ತಿದೆ, ಅದೂ ನಿಜ.

ನಂಬರಿನ ಬದಲು ಹೆಸರಿನಿಂದ ಬರುವ ಮೆಸೇಜಿನಲ್ಲಿ ಆ ಹೆಸರು ಹನ್ನೊಂದು ಅಕ್ಷರದೊಳಗಿನ ಒಂದು ಚೀಟಿ, ಅಷ್ಟೇ. ಹಿಡಿತವಿಲ್ಲದ ಜಾಲದಲ್ಲಿ ಯಾರು ಬೇಕಾದರೂ ಅದೇ ಹೆಸರು ಅಂಟಿಸಬಹುದು. ಫೋನು ಹೆಸರು ನೋಡಿ ಒಟ್ಟು ಮಾಡುವುದರಿಂದ ಕಳ್ಳ ಮೆಸೇಜು ಅಸಲಿ ಮೆಸೇಜುಗಳ ಸಾಲಿನಲ್ಲೇ ಹೋಗಿ ಕೂರುತ್ತದೆ. ಸಿಂಗಪುರದಲ್ಲಿ 2023ರ ಜನವರಿ ಕೊನೆಯಿಂದ ಹೆಸರು ನೋಂದಾಯಿಸದವರ ಮೆಸೇಜಿನ ಮೇಲೆ "ಬಹುಶಃ ವಂಚನೆ" ಎಂಬರ್ಥದ ಇಂಗ್ಲಿಷ್ ಗುರುತು ಬೀಳುತ್ತದೆ. ಬ್ರಿಟನ್, ಅಮೆರಿಕಗಳಲ್ಲಿ ಅನುಮಾನದ ಮೆಸೇಜನ್ನು 7726ಕ್ಕೆ ಕಳಿಸಬಹುದು. ಹಳೆಯ ಕೀಲಿಮಣೆಯಲ್ಲಿ ಆ ಅಂಕಿಗಳನ್ನು ಒತ್ತಿದರೆ "ಸ್ಪ್ಯಾಮ್" ಎಂದಾಗುತ್ತದೆ.

ಹೆಸರಿನಿಂದ ಬಂದ ಮೆಸೇಜಿಗೆ ಉತ್ತರ ಬರೆಯಲೂ ಆಗುವುದಿಲ್ಲ, ಗಮನಿಸಿದ್ದೀರಾ? ಲೋಕದ ಮೊದಲ ಎಸ್ಸೆಮ್ಮೆಸ್, 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಕಳಿಸಿದ ಕ್ರಿಸ್‌ಮಸ್ ಶುಭಾಶಯ, ಹೋಗಿದ್ದು ಕಂಪ್ಯೂಟರಿನಿಂದ ಫೋನಿಗೆ. ಪಡೆದವರ ಫೋನಿನಿಂದ ಮರುಉತ್ತರ ಕಳಿಸುವಂತಿರಲಿಲ್ಲ. ಜಾಹೀರಾತಿನವರು ಆ ಪರಂಪರೆಯನ್ನು ನಿಷ್ಠೆಯಿಂದ ಉಳಿಸಿಕೊಂಡು ಬಂದಿದ್ದಾರೆ.

ಪ್ರಶ್ನೆ: ಅಜ್ಜಿಯ ಫೋನಿನ ಜಾಹೀರಾತು ಮೆಸೇಜು ಅಳಿಸುವುದು ನನ್ನ ಕೆಲಸ. ಓದದೆ ಅಳಿಸಿದರೆ ಕಳಿಸಿದವರಿಗೆ ಗೊತ್ತಾಗುತ್ತದಾ ಆಂಟಿ?
— ಏಳನೇ ತರಗತಿ ವಿದ್ಯಾರ್ಥಿನಿ

ಗೊತ್ತಾಗಲ್ಲ ಪುಟ್ಟಿ. ಆದರೆ ಒಳಗಿರುವ ಲಿಂಕ್ ಮುಟ್ಟಿದರೆ ಗೊತ್ತಾಗಬಹುದು, ಎಷ್ಟೋ ಸಲ ಒಬ್ಬೊಬ್ಬರ ನಂಬರಿಗೂ ಬೇರೆ ಬೇರೆ ಲಿಂಕ್ ಮಾಡಿರುತ್ತಾರೆ. ಅದಕ್ಕೆ ಬೆರಳು ತಾಗದ ಹಾಗೆ ಅಳಿಸು. ಬ್ಯಾಂಕಿನದೋ ಡಾಕ್ಟರ ಅಪಾಯಿಂಟ್‌ಮೆಂಟಿನದೋ ಅನ್ನಿಸಿದರೆ ಮೊದಲು ಅಜ್ಜಿಗೆ ಓದಿ ಹೇಳು, ಅಳಿಸುವುದು ಆಮೇಲೆ.